ಸುಮ್ಮನಿರೆಂದು ಗದರಿಸಿದವರು (ಮಾರ್ಕ 10:46-52)

 

ಹೋದ ವಾರ ಶಿಗ್ಗಾಂವದಿಂದ ಸವಣೂರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಕೋಲು ಹಿಡಿದ ಒಬ್ಬ ಹುಡುಗ ಹತ್ತಿದ. ಸ್ವಲ್ಪ ತಡವಾಯಿತು. ಹಿಂದಿನಿಂದ ಒಬ್ಬ ಕೂಗಿದ, "ಏ ಕುಂಟಾ, ಲಗೂ ಹತ್ತೋ, ನಿನ್ನ ಸಲುವಾಗಿ ಬಸ್ ನಿಲ್ಲಬೇಕೇನ?" ಬಸ್ಸೆಲ್ಲಾ ನಕ್ಕಿತು. ನಾನು ನಗಲಿಲ್ಲ. ಆದರೆ ಬಾಯಿನೂ ತೆರೀಲಿಲ್ಲ. "ಅಣ್ಣಾ, ಹಂಗ ಅನಬ್ಯಾಡ್ರಿ" ಅಂದಿದ್ರೆ ಸಾಕಿತ್ತು. ಕೈಯಲ್ಲಿ ಬೈಬಲ್ ಇತ್ತು, ಪ್ರಿಯರೇ.

ಬಾರ್ತಿಮಾಯನು ದಾರಿಬದಿಯಲ್ಲಿ ಕೂಗಿದಾಗ ಗದರಿಸಿದವರು ಯಾರು? ಯೇಸುವಿನ ಸುತ್ತ ನಡೆಯುತ್ತಿದ್ದ ಜನರೇ! ಯೇಸು ನಿಂತನು, ಅವನನ್ನು ಕರೆಸಿದನು, ನಿನಗೇನು ಬೇಕು ಅಂತ ಕೇಳಿದನು. ಕಣ್ಣಿಲ್ಲದವನಿಗೆ ಏನು ಬೇಕಂತ ಆತನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಅವನ ಬಾಯಿಂದಲೇ ಕೇಳಿದನು. ಹಲ್ಲೆಲೂಯಾ!

ಕಿವುಡನನ್ನು ಬೈಯಬಾರದು ಅಂತ ಯಾಜಕಕಾಂಡ 19:14 ಹೇಳುತ್ತದೆ. ಅವನಿಗೆ ಕೇಳಿಸದಿದ್ದರೂ ದೇವರಿಗೆ ಕೇಳಿಸುತ್ತದೆ. ದೇಶದ ಕಾನೂನಿಗೂ ಕೇಳಿಸುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 92ನೇ ಕಲಮಿನಲ್ಲಿ, ಅವರನ್ನು ಬೇಕಂತಲೇ ನಾಲ್ಕು ಜನರೆದುರು ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ.

ನಮ್ಮ ಹಾನಗಲ್ಲ ತಾಲ್ಲೂಕಿನಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಶಿಷ್ಯರಾದ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಅವರ ಮಾರ್ಗ ಬೇರೆ, ನಮ್ಮದು ಬೇರೆ. ಆದರೂ ಗದಗಿನ ಆಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳು ಅವರಿಂದ ಸಂಗೀತ ಕಲಿತರು. 2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣ ಬಂತು, ಜಿಲ್ಲೆಯೇ ಹಿಗ್ಗಿತು. ಹಾಗಂತ ಬಸ್ಸಿನ ಹುಡುಗ ಮರ್ಯಾದೆ ಪಡೆಯೋಕೆ ಗವಾಯಿ ಆಗಬೇಕಾಗಿಲ್ಲ.

ಈಗ ನಮ್ಮ ಮನೆ ಮಾತಿಗೆ ಬರ್ತೀನಿ. ಕೆಲವು ವರ್ಷಗಳ ಹಿಂದೆ, ಸ್ವಸ್ಥತೆಯ ಕೂಟದಲ್ಲಿ, ಹಿರೇಕೆರೂರ ಕಡೆಯ ಒಬ್ಬ ತಾಯಿ ನಡೆಯಲಾಗದ ಮಗಳನ್ನು ಎತ್ತಿಕೊಂಡು ಮುಂದೆ ಬಂದರು. ಪ್ರಾರ್ಥಿಸಿದೆವು. ಮಗು ಎದ್ದು ನಡೆಯಲಿಲ್ಲ. ಆಗ ನಾನು ಮೈಕಿನಲ್ಲಿ, ಎಲ್ಲರ ಮುಂದೆ, "ತಾಯೀ, ನಿಮ್ಮ ಮನೆಯಲ್ಲಿ ಯಾವುದೋ ಪಾಪ ಅಡ್ಡ ಐತಿ, ಅರಿಕೆ ಮಾಡಿರಿ" ಅಂದುಬಿಟ್ಟೆ. ಯೋಹಾನ 9ರಲ್ಲಿ ಶಿಷ್ಯರು ಕೇಳಿದ್ದೂ ಇದೇ ಅಲ್ಲವೇ, ಪಾಪ ಮಾಡಿದವನು ಇವನೋ, ತಂದೆತಾಯಿಯೋ ಅಂತ? ಎರಡೂ ಅಲ್ಲ ಅಂದನು ಯೇಸು. ಆ ಅಧ್ಯಾಯವನ್ನು ಎಷ್ಟು ಸಲ ಬೋಧಿಸಿದ್ದೆ ನಾನು! ಆ ತಾಯಿ ಮತ್ತೆ ಸಭೆಗೆ ಬರಲಿಲ್ಲ.

ಬಸ್ಸಿನವನು ತನ್ನ ಬಾಯಿಂದ ಅಂದ. ನಾನು ದೇವರ ಹೆಸರಿನಲ್ಲಿ ಅಂದೆ.

ಮೊನ್ನೆ ಗುರುವಾರ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ತಾಯಿ ಚಹಾ ಕೊಟ್ಟು, "ನನ್ನ ಹತ್ರ ಅಲ್ಲ ಪಾಸ್ಟರ್, ಅಕಿ ಹತ್ರ ಕೇಳ್ರಿ. ಅಕಿಗೆ ಎಲ್ಲಾ ನೆನಪೈತಿ" ಅಂದರು. ಮಗಳಿಗೆ ಈಗ ಹದಿಮೂರು. ಅಕಿ ನನ್ನನ್ನೇ ನೋಡಿ, "ಅವತ್ತು ಮೈಕಿನಾಗ ಅಂದಿದ್ರಿ. ಮೈಕಿನಾಗ ಹೇಳ್ರಿ" ಅಂದಳು.

ಅದಕ್ಕೇ ಮೈಕ್ ಹಿಡಿದು ಹೇಳ್ತಾ ಇದ್ದೇನೆ. ಮಗಳೇ, ನಾನು ಅಂದದ್ದು ಸುಳ್ಳು. ನನ್ನನ್ನು ಕ್ಷಮಿಸು.

ಎಲ್ಲರೂ ಪ್ರಾರ್ಥನೆ ಮಾಡೋಣ. ಏಳೋಕೆ ಆಗದವರು ಕೂತೇ ಇರ್ರಿ.