ಬೀಗ ಮತ್ತು ಬಾಳೆನಾರು

ಐವತ್ತು ದಾಟಿದ ಮೇಲೆ ಏನಾದರೊಂದು ಹೊಸದನ್ನು ಕಲಿಯಬೇಕು, ಇಲ್ಲದಿದ್ದರೆ ಮನಸ್ಸಿಗೆ ತುಕ್ಕು ಹಿಡಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಜೊತೆಯ ಶಿಕ್ಷಕಿಯೊಬ್ಬರು ವೀಣೆಗೆ ಸೇರಿದರು. ಇನ್ನೊಬ್ಬರು ಬೆಳಗಿನ ಹೊತ್ತು ಯೋಗಾಸನಕ್ಕೆ ಹೋಗುತ್ತಾರೆ. ನಾನು ಬೀಗ ತೆಗೆಯುವುದನ್ನು ಕಲಿಯುತ್ತಿದ್ದೇನೆ. ಬೀಗದ ಕೈ ಹಾಕಿ ತೆಗೆಯುವುದನ್ನಲ್ಲ, ಬೀಗದ ಕೈ ಇಲ್ಲದೆ ತೆಗೆಯುವುದನ್ನು. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದ ದಿನ ಎಲ್ಲರೂ ಗೊಳ್ಳೆಂದು ನಕ್ಕರು. ನಗು ನಿಂತ ಮೇಲೆ ಒಬ್ಬರು ಮೆಲ್ಲಗೆ ತಮ್ಮ ಬೀರುವಿನ ಕಡೆ ತಿರುಗಿ ನೋಡಿಕೊಂಡರು. ಅವರಿಗೆ ಗೊತ್ತಿಲ್ಲದೆಯೇ ಆ ನೋಟ ನನ್ನನ್ನು ಒಂದು ಪ್ರಶ್ನೆ ಕೇಳಿತು. ಅದಕ್ಕೆ ಉತ್ತರ ಹುಡುಕುತ್ತಾ ಇದನ್ನು ಬರೆಯುತ್ತಿದ್ದೇನೆ.

ಇದಕ್ಕೆಲ್ಲ ಮೂಲ ನಮ್ಮ ಅತ್ತೆಯವರ ಟ್ರಂಕು. ಅತ್ತೆಗೆ ಈಗ ಎಂಬತ್ತೆರಡು. ಮದುವೆಯಲ್ಲಿ ತವರಿನಿಂದ ಬಂದ ಕಬ್ಬಿಣದ ಟ್ರಂಕು ಇವತ್ತಿಗೂ ಅವರ ಮಂಚದ ಕೆಳಗಿದೆ. ಅದಕ್ಕೊಂದು ಹಿತ್ತಾಳೆ ಬೀಗ. ಬೀಗದ ಕೈ ಅವರ ಸೊಂಟದಲ್ಲಿ. ನಾನು ಈ ಮನೆಯ ಸೊಸೆಯಾಗಿ ಮೂವತ್ತು ವರ್ಷವಾಯಿತು, ಆ ಟ್ರಂಕಿನೊಳಗೆ ಏನಿದೆ ಎಂದು ನನಗೆ ತಿಳಿಯದು. ಎರಡು ವರ್ಷದ ಹಿಂದೆ ಬೀಗದ ಕೈ ಎಲ್ಲೋ ಕಳೆದುಹೋಯಿತು. ಸುತ್ತಿಗೆಯಲ್ಲಿ ಒಂದೇಟು ಹಾಕಿದರಾಯಿತು ಎಂದರು ನಮ್ಮವರು. ಅತ್ತೆ ಒಪ್ಪಲಿಲ್ಲ. "ನಮ್ಮಪ್ಪ ಕೊಡಿಸಿದ ಬೀಗ ಕಣೋ, ಒಡೀಬೇಡ" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಕೊನೆಗೆ ಬಸ್ ಸ್ಟ್ಯಾಂಡಿನ ಹತ್ತಿರ ಬೀಗದ ಕೈ ಮಾಡಿಕೊಡುವ ಒಬ್ಬರು ಮುದುಕರನ್ನು ಮನೆಗೆ ಕರೆತಂದೆವು. ಅವರು ಟ್ರಂಕಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಎರಡು ತಂತಿಗಳನ್ನು ಬೀಗದ ಬಾಯಿಗೆ ಇಟ್ಟು, ಕಣ್ಣು ಮುಚ್ಚಿಕೊಂಡು, ಮಗುವಿನ ಕಿವಿಯಲ್ಲಿ ಏನೋ ಹೇಳುವವರ ಹಾಗೆ ಬಗ್ಗಿದರು. ನಾನು ಒಳಗೆ ಹೋಗಿ ಕಾಫಿಗೆ ಇಟ್ಟು ಬರುವಷ್ಟರಲ್ಲಿ ಬೀಗ ತೆರೆದಿತ್ತು. ಅದಕ್ಕೆ ಒಂದು ಗೀರೂ ಆಗಿರಲಿಲ್ಲ.

ನಾನು ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವಳು. ಕಣ್ಣೆದುರು ನಡೆದದ್ದು ಹೇಗೆ ಎಂದು ತಿಳಿಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಬೆಂಗಳೂರಿನಲ್ಲಿರುವ ಮಗ ನನ್ನ ಕಾಟ ತಾಳಲಾರದೆ, ಒಳಗಿನದೆಲ್ಲ ಕಾಣುವ ಗಾಜಿನಂಥ ಪ್ಲಾಸ್ಟಿಕ್ಕಿನ ಒಂದು ಬೀಗವನ್ನೂ ಒಂದು ಜೊತೆ ಸಲಕರಣೆಯನ್ನೂ ತರಿಸಿಕೊಟ್ಟ. ಕಲಿಯುವವರಿಗೆಂದೇ ಮಾಡಿದ ಬೀಗ ಅದು.

ಒಳಗಿನ ಏರ್ಪಾಡು ಬಹಳ ಸರಳ. ಬೀಗದ ಕೈ ಹೋಗುವ ಭಾಗ ಒಂದು ಸಣ್ಣ ಉರುಳೆ. ಅದು ತಿರುಗದಂತೆ ಐದಾರು ಪಿನ್ನುಗಳು ಸಾಲಾಗಿ ಅಡ್ಡ ನಿಂತಿರುತ್ತವೆ. ಒಂದೊಂದು ಪಿನ್ನೂ ಎರಡು ತುಂಡು. ಮೇಲಿಂದ ಸ್ಪ್ರಿಂಗು ಒತ್ತುತ್ತದೆ. ಸರಿಯಾದ ಬೀಗದ ಕೈ ಹಾಕಿದರೆ ಅದರ ಹಲ್ಲುಗಳು ಪ್ರತಿ ಪಿನ್ನನ್ನೂ ಬೇಕಾದಷ್ಟೇ ಎತ್ತುತ್ತವೆ. ಎರಡು ತುಂಡುಗಳ ನಡುವಿನ ಬಿರುಕು ಉರುಳೆಯ ಅಂಚಿಗೆ ಸರಿಯಾಗಿ ಬಂದಾಗ ಉರುಳೆ ತಿರುಗುತ್ತದೆ. ಇಂಥ ಮರದ ಬೀಗಗಳು ಪ್ರಾಚೀನ ಈಜಿಪ್ಟಿನಲ್ಲೇ ಇದ್ದವು. ಈಗಿನ ಲೋಹದ ರೂಪಕ್ಕೆ ಅಮೆರಿಕದ ಲೈನಸ್ ಯೇಲ್ ಎಂಬಾತ 1861ರಲ್ಲಿ ಪೇಟೆಂಟು ಪಡೆದ.

ಬೀಗದ ಕೈ ಇಲ್ಲದೆ ತೆಗೆಯುವುದು ಹೇಗೆ? ಎಷ್ಟೇ ನಾಜೂಕಾಗಿ ಮಾಡಿದರೂ ಆ ತೂತುಗಳು ಕೂದಲೆಳೆಯಷ್ಟು ಆಚೀಚೆ ಇದ್ದೇ ಇರುತ್ತವೆ. ಬಾಗಿದ ಪಟ್ಟಿಯೊಂದರಿಂದ ಉರುಳೆಯನ್ನು ತುಸುವೇ ಒತ್ತಿ ಹಿಡಿದರೆ ಎಲ್ಲ ಪಿನ್ನುಗಳೂ ಒಟ್ಟಿಗೆ ಬಿಗಿಯುವುದಿಲ್ಲ. ಒಂದು ಮೊದಲು ಬಿಗಿಯುತ್ತದೆ. ಇನ್ನೊಂದು ಕೈಯ ಕೊಕ್ಕೆಯಿಂದ ಅದನ್ನು ಹುಡುಕಿ ಎತ್ತಿದರೆ 'ಟಿಕ್' ಎಂದು ಕೂರುತ್ತದೆ. ಆಮೇಲೆ ಮುಂದಿನದು. ಮೊದಮೊದಲು ನಾನು ಮಾಡಿದ ತಪ್ಪು ಜೋರಾಗಿ ಒತ್ತಿದ್ದು. ಹಿಡಿತ ಬಿಗಿಯಾದಷ್ಟೂ ಬೀಗ ಮೊಂಡುಬೀಳುತ್ತದೆ. ಹದಿನೈದು ದಿನ ಸಂಜೆ ಸಂಜೆ ಕುಳಿತು, ಬೆರಳ ತುದಿ ಕೆಂಪಾಗಿ, ಒಂದು ಭಾನುವಾರ ಉರುಳೆ ತಿರುಗಿಯೇಬಿಟ್ಟಿತು. ಬಿ.ಎಡ್. ಪಾಸಾದಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ.

ಅತ್ತೆ ಮಾತ್ರ ಹಿಗ್ಗಲಿಲ್ಲ. "ಏನೇ ಇದು, ಕಳ್ಳರ ವಿದ್ಯೆ ಕಲ್ತಿದೀಯ?" ಎಂದರು.

ಕಳ್ಳರ ವಿದ್ಯೆ ಹೌದೇ? ಶೂದ್ರಕನ 'ಮೃಚ್ಛಕಟಿಕ'ದ ಶರ್ವಿಲಕನನ್ನು ನೆನೆಸಿಕೊಂಡೆ. ಅವನು ಕನ್ನ ಹಾಕುವುದನ್ನು ಒಂದು ಕಲೆಯೆಂದೇ ಬಗೆದವನು. ಅಳೆಯುವ ದಾರ ಮರೆತು ಬಂದದ್ದಕ್ಕೆ ತನ್ನ ಜನಿವಾರದಿಂದಲೇ ಗೋಡೆ ಅಳೆಯುತ್ತಾನೆ. ಪ್ರೀತಿಸಿದ ಮದನಿಕೆಯನ್ನು ದಾಸ್ಯದಿಂದ ಬಿಡಿಸಲು ಕದಿಯುತ್ತಾನೆ, ಆದ್ದರಿಂದ ನಮಗೆ ಅವನ ಮೇಲೆ ಪೂರ್ತಿ ಸಿಟ್ಟೂ ಬರುವುದಿಲ್ಲ. ಆದರೆ ಅವನು ಒಯ್ದದ್ದು ವಸಂತಸೇನೆ ನಂಬಿ ಇಡಲು ಕೊಟ್ಟಿದ್ದ ಒಡವೆ. ಅದು ಹೋದದ್ದರಿಂದ ತಲೆ ತಗ್ಗಿಸಬೇಕಾಗಿ ಬಂದದ್ದು ಚಾರುದತ್ತನಿಗೆ. ಕನ್ನದ ಅಂದಚಂದ ಯೋಚಿಸಿದ ಶರ್ವಿಲಕ ಗೋಡೆಯ ಆಚೆ ಇರುವ ಮನುಷ್ಯರನ್ನು ಯೋಚಿಸಲಿಲ್ಲ.

ಈ ವಿದ್ಯೆಯನ್ನು ಬಹಿರಂಗವಾಗಿ ಕಲಿಸಬಹುದೇ ಎಂಬ ದೊಡ್ಡ ಚರ್ಚೆ 1851ರಲ್ಲಿ ಲಂಡನ್ನಿನಲ್ಲಿ ನಡೆಯಿತು. ಆ ವರ್ಷದ ಮಹಾಪ್ರದರ್ಶನಕ್ಕೆ ಬಂದ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಎಂಬ ಬೀಗದ ಕುಶಲಿ, ಯಾರೂ ತೆಗೆಯಲಾರರು ಎಂದು ಹೆಸರಾಗಿದ್ದ ಚಬ್ ಬೀಗವನ್ನು ಸುಮಾರು 25 ನಿಮಿಷದಲ್ಲಿ ತೆಗೆದ. ತೆಗೆದವರಿಗೆ 200 ಗಿನಿ ಬಹುಮಾನ ಎಂದು ಸವಾಲು ಹಾಕಿದ್ದ ಬ್ರಾಮಾ ಬೀಗವನ್ನೂ ಹದಿನಾರು ದಿನಗಳಲ್ಲಿ ಒಟ್ಟು 51 ಗಂಟೆ ದುಡಿದು ತೆಗೆದ. ಇದನ್ನೆಲ್ಲ ಬಯಲು ಮಾಡಿದರೆ ಕಳ್ಳರಿಗೆ ಪಾಠ ಹೇಳಿದಂತಲ್ಲವೇ ಎಂದು ಜನ ಗಾಬರಿಯಾದರು. ಹಾಬ್ಸನ ಕಡೆಯವರ ಉತ್ತರ ಇದು: ಕಳ್ಳರಿಗೆ ಇದು ಮೊದಲೇ ಗೊತ್ತು, ಗೊತ್ತಿಲ್ಲದವರು ಬೀಗ ಕೊಂಡು ನಂಬಿ ಮಲಗುವ ಸಾಮಾನ್ಯರು ಮಾತ್ರ. ಅವನ ಬೀಗದ ಪುಸ್ತಕ 1853ರಲ್ಲಿ ಅಚ್ಚಾಯಿತು.

ಶಿಕ್ಷಕಿಯಾದ ನನಗೆ ಈ ವಾದ ಹಿಡಿಸುತ್ತದೆ. ತಿಳಿವಳಿಕೆಯನ್ನು ಮುಚ್ಚಿಟ್ಟು ಯಾರೂ ಒಳ್ಳೆಯವರಾಗುವುದಿಲ್ಲ. ಹವ್ಯಾಸಕ್ಕಾಗಿ ಬೀಗ ತೆಗೆಯುವವರ ಸಂಘಗಳೂ ಇವೆ. ಜರ್ಮನಿಯ ಹ್ಯಾಂಬರ್ಗಿನಲ್ಲಿ 1997ರಲ್ಲೇ ಒಂದು ಹುಟ್ಟಿತು. ಅಂಥವರು ಹೊಸಬರಿಗೆ ಮೊದಲು ಹೇಳಿಕೊಡುವುದು ಎರಡು ನಿಯಮ: ನಿನ್ನದಲ್ಲದ ಬೀಗವನ್ನು ಒಡೆಯರ ಒಪ್ಪಿಗೆಯಿಲ್ಲದೆ ಮುಟ್ಟಬೇಡ, ಬಳಕೆಯಲ್ಲಿರುವ ಬೀಗದ ಮೇಲೆ ಕೈಯಾಡಿಸಬೇಡ, ಅದು ಕೆಟ್ಟೀತು. ನಿಯಮ ಚೆನ್ನಾಗಿದೆ. ಆದರೂ ಹಾಬ್ಸನ ವಾದ ಪೇಟೆಗೆ ಸಾಕು, ಮನೆಗೆ ಸಾಲದು ಎನಿಸುತ್ತದೆ. ಮನೆಯೊಳಗೆ ಟ್ರಂಕಿಗೆ ಬೀಗ ಹಾಕುವುದು ಹೊರಗಿನ ಕಳ್ಳನಿಗಾಗಿ ಅಲ್ಲ. ಅವನು ಟ್ರಂಕನ್ನೇ ಹೊತ್ತುಕೊಂಡು ಹೋದಾನು. ಅದು ಒಳಗಿನವರಿಗೆ, ನಮ್ಮವರಿಗೆ ಹಾಕುವ ಬೀಗ. 'ಇದು ನನ್ನದು, ಕೇಳಿ ಮುಟ್ಟಿ' ಎಂಬ ಮಾತು ಅದು.

ಆ ಮಾತನ್ನು ನಾನು ಒಮ್ಮೆ ಮೀರಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು, 1994. ಹೆಣ್ಣುಮಕ್ಕಳ ಹಾಸ್ಟೆಲಿನ ಉಸ್ತುವಾರಿ ನನ್ನ ತಲೆಯ ಮೇಲಿತ್ತು. ಒಬ್ಬ ಹುಡುಗಿಯ ಬೆಳ್ಳಿ ಕಾಲ್ಗೆಜ್ಜೆ ಕಾಣದಾಯಿತು. ಎಂಟನೆಯ ತರಗತಿಯ ಇನ್ನೊಬ್ಬ ಹುಡುಗಿ ತನ್ನ ಪೆಟ್ಟಿಗೆಗೆ ಯಾವಾಗಲೂ ಬೀಗ ಹಾಕಿಯೇ ಇರುತ್ತಿದ್ದಳು. ಬಚ್ಚಿಡುವಂಥದ್ದು ಏನಿದೆ ಎಂದು ಎಲ್ಲರ ಅನುಮಾನ ಅವಳ ಮೇಲೆ ಹೋಯಿತು, ನನ್ನದೂ ಹೋಯಿತು. ಅವಳು ತರಗತಿಯಲ್ಲಿದ್ದಾಗ ಕಾವಲುಗಾರನಿಂದ ಬೀಗ ಒಡೆಸಿದೆ. ಒಳಗಿದ್ದದ್ದು ಎರಡು ಲಂಗ, ಒಗೆದು ಮಡಿಸಿಟ್ಟ ಮುಟ್ಟಿನ ಬಟ್ಟೆಗಳು, ಕಾಗದದಲ್ಲಿ ಸುತ್ತಿದ ಅರ್ಧ ಕೊಬ್ಬರಿ ಮಿಠಾಯಿ. ಗೆಜ್ಜೆ ಮರುದಿನ ಬಚ್ಚಲ ಕಲ್ಲಿನ ಸಂದಿಯಲ್ಲಿ ಸಿಕ್ಕಿತು.

ಸಂಜೆ ಆ ಹುಡುಗಿ ಒಡೆದ ಬೀಗವನ್ನು ಅಂಗೈಯಲ್ಲಿ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದಳು. ಅಳಲಿಲ್ಲ. "ಕೇಳಿದ್ರೆ ನಾನೇ ತೆಗೆದು ತೋರಿಸ್ತಿದ್ನಲ್ಲ ಮಿಸ್" ಎಂದಳು. ನಾನು ತಪ್ಪಾಯಿತು ಎಂದೆ. ಹೊಸ ಬೀಗ ತಂದುಕೊಟ್ಟೆ. ಆದರೆ ವರ್ಷ ಮುಗಿಯುವವರೆಗೂ ಅವಳು ನನ್ನ ಮುಖ ನೋಡಿ ಪಾಠ ಕೇಳಲಿಲ್ಲ.

ಈ ವಿದ್ಯೆ ಕೈಗೆ ಬಂದ ಮೇಲೆ ಒಂದು ರಾತ್ರಿ ನನಗೆ ಹೊಳೆದು ಮೈ ಜುಮ್ಮೆಂದಿತು: ಆಗಲೇ ನನಗೆ ಇದು ಬರುತ್ತಿದ್ದರೆ? ಬೀಗ ತೆಗೆದು, ನೋಡಿ, ಮತ್ತೆ ಹಾಗೆಯೇ ಹಾಕಿ ಬರುತ್ತಿದ್ದೆ. ಆ ಹುಡುಗಿಗೆ ಗೊತ್ತಾಗುತ್ತಿರಲಿಲ್ಲ. ಅವಳಿಗೆ ನೋವಾಗದಂತೆ ಮಾಡಿದೆ ಎಂದು ನನ್ನನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದೆನೋ ಏನೋ. ಹುಡುಗಿಯ ಕಣ್ಣು ಮುಚ್ಚಿಸುವ ಆ ನಾಜೂಕು, ಸುತ್ತಿಗೆಗಿಂತ ಹೆಚ್ಚಿನ ತಪ್ಪಾಗುತ್ತಿತ್ತು. ಒಡೆದ ಬೀಗವಿದ್ದದ್ದರಿಂದ ಅವಳು ನನ್ನನ್ನು ಕೇಳಿದಳು, ನಾನು ಉತ್ತರ ಹೇಳಬೇಕಾಯಿತು. ಗುರುತಿಲ್ಲದೆ ತೆರೆದಿದ್ದರೆ ಅವಳ ಕೇಳುವ ಹಕ್ಕನ್ನೂ ನಾನು ಕದ್ದ ಹಾಗಾಗುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತಾರೆ. ಮೇಯ್ದ ಗುರುತೂ ಕಾಣದಿದ್ದರೆ ಹೊಲದ ಒಡೆಯ ಯಾರನ್ನು ಕೇಳಬೇಕು?

ಹಾಬ್ಸ್ ತೆಗೆದ ಆ ಚಬ್ ಬೀಗದ ಮೂಲ ಉದ್ದೇಶ ಆಮೇಲೆ ನನಗೆ ಅರ್ಥವಾಯಿತು. ಜೆರೆಮಿಯಾ ಚಬ್ 1818ರಲ್ಲಿ ಅದಕ್ಕೆ ಪೇಟೆಂಟು ಪಡೆದಾಗ ಅದರ ವಿಶೇಷ ಗಟ್ಟಿತನವಷ್ಟೇ ಆಗಿರಲಿಲ್ಲ. ಬೇರೆಯವರು ಕೈಯಾಡಿಸಿ ಒಳಗಿನ ಪಟ್ಟಿಯನ್ನು ಹೆಚ್ಚು ಎತ್ತಿದರೆ ಅದು ಸಿಕ್ಕಿಕೊಂಡು ನಿಲ್ಲುತ್ತಿತ್ತು. ಆಮೇಲೆ ಒಡೆಯನ ಬೀಗದ ಕೈಗೂ ಅದು ಒಡನೆ ತೆರೆಯುತ್ತಿರಲಿಲ್ಲ; ಮೊದಲು ಅದನ್ನು ಸರಿಮಾಡಬೇಕಾಗಿತ್ತು. ಹಾಗೆ ಅವನಿಗೆ ಯಾರೋ ಮುಟ್ಟಿದ್ದಾರೆ ಎಂದು ತಿಳಿಯುತ್ತಿತ್ತು. ತಡೆಯುವ ಕೆಲಸದ ಜೊತೆಗೆ ತಿಳಿಸುವ ಕೆಲಸವನ್ನೂ ಬೀಗಕ್ಕೆ ಕೊಟ್ಟ ಪುಣ್ಯಾತ್ಮ ಅವನು.

ಇದರ ನಡುವೆ ಅತ್ತೆ ಒಂದು ದಿನ ನೇರವಾಗಿ ಕೇಳಿಯೇಬಿಟ್ಟರು. "ಹಂಗಾದ್ರೆ ನನ್ನ ಟ್ರಂಕೂ ತೆಗೀಬೋದು ನೀನು?"

ಸುಳ್ಳು ಹೇಳಬಹುದಿತ್ತು. "ಪ್ರಯತ್ನ ಪಟ್ರೆ ಆಗುತ್ತೆ ಅತ್ತೆ. ಆದ್ರೆ ತೆಗೆಯಲ್ಲ" ಎಂದೆ.

ಅವರು ಏನೂ ಅನ್ನಲಿಲ್ಲ. ಮಾರನೆಯ ದಿನ ಕಸ ಗುಡಿಸುವಾಗ ನೋಡುತ್ತೇನೆ, ಟ್ರಂಕಿನ ಚಿಲಕಕ್ಕೂ ಬೀಗಕ್ಕೂ ಸೇರಿಸಿ ಹೂ ಕಟ್ಟುವ ಬಾಳೆನಾರಿನಿಂದ ಒಂದು ಗಂಟು ಹಾಕಿದ್ದಾರೆ. ಅವರದೇ ಗಂಟು, ಮಲ್ಲಿಗೆ ಮಾಲೆಯ ಕೊನೆಗೆ ಅವರು ಹಾಕುವಂಥದ್ದು, ನನಗೆ ಇವತ್ತಿಗೂ ಬಾರದ್ದು.

ನನಗೆ ಬಹಳ ನೋವಾಯಿತು. ಮೂವತ್ತು ವರ್ಷ ಇವರ ಜೊತೆ ಬಾಳಿದ್ದಕ್ಕೆ ಇದೇನಾ ಎನಿಸಿತು. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ತನ್ನ ನೆನಪುಗಳಲ್ಲಿ ಇಂಥದೇ ಒಂದು ಪ್ರಸಂಗ ಹೇಳಿದ್ದಾನೆ. ಅಣುಬಾಂಬಿನ ಕೆಲಸದ ಕಾಲದಲ್ಲಿ ಅವನು ಸೈನ್ಯಾಧಿಕಾರಿಯೊಬ್ಬನಿಗೆ ಅವನ ತಿಜೋರಿಯ ದೋಷವನ್ನು ತೋರಿಸಿಕೊಟ್ಟ. ಅಧಿಕಾರಿ ದೋಷವನ್ನು ತಿದ್ದುವ ಬದಲು, ಫೈನ್‌ಮನ್ ಯಾರ ಯಾರ ಕೋಣೆಯ ಹತ್ತಿರ ಸುಳಿದಾಡಿದ್ದನೋ ಅವರೆಲ್ಲ ತಮ್ಮ ತಿಜೋರಿಯ ಗುಪ್ತ ಸಂಖ್ಯೆ ಬದಲಿಸಿಕೊಳ್ಳಬೇಕೆಂದು ಹೊರಡಿಸಿದನಂತೆ. ಇದನ್ನು ಓದಿ ನಕ್ಕಿದ್ದವಳು ನಾನು. ಈಗ ನಗು ಬರಲಿಲ್ಲ.

ಎರಡು ದಿನ ಮುಖ ಗಂಟು ಹಾಕಿಕೊಂಡೇ ಓಡಾಡಿದೆ. ಮೂರನೆಯ ದಿನ ಬುದ್ಧಿ ಬಂತು. ಅತ್ತೆಯದು ಕೆಟ್ಟ ಮನಸ್ಸೆಂದು ಯಾಕೆ ಎಣಿಸಲಿ? ಮೊದಲು ಬೀಗದ ಕೈ ಅವರ ಸೊಂಟದಲ್ಲಿದ್ದರೆ ಸಾಕಿತ್ತು. ನಾನು ಒಂದು ವಿದ್ಯೆ ಕಲಿತದ್ದರಿಂದ, ಅವರ ಯಾವ ತಪ್ಪೂ ಇಲ್ಲದೆ, ಆ ಬೀಗದ ಬೆಲೆ ಇಳಿದುಹೋಯಿತು. ಇಳಿಸಿದವಳು ನಾನು. ಅವರು ಗಲಾಟೆ ಮಾಡಲಿಲ್ಲ, ಮಗನ ಹತ್ತಿರ ದೂರು ಹೇಳಲಿಲ್ಲ. ನಾನು ಏನನ್ನು ಕಿತ್ತುಕೊಂಡಿದ್ದೆನೋ ಅದನ್ನು, ಅಂದರೆ ಮುಟ್ಟಿದರೆ ತನಗೆ ತಿಳಿಯಬೇಕು ಎಂಬುದನ್ನು, ಒಂದು ಎಳೆ ನಾರಿನಿಂದ ಮರಳಿ ಪಡೆದುಕೊಂಡರು. ಚಬ್ಬನ ಹೆಸರನ್ನೇ ಕೇಳದ ನಮ್ಮ ಅತ್ತೆ ಅವನ ಬೀಗವನ್ನೇ ಮಾಡಿಕೊಂಡಿದ್ದರು.

ಸ್ಟಾಫ್ ರೂಮಿನ ಆ ನೋಟಕ್ಕೆ ನನಗೆ ಸಿಕ್ಕಿದ ಉತ್ತರ ಇಷ್ಟು. ಕಲಿಯುವುದು ತಪ್ಪಲ್ಲ. ಆದರೆ ಕಲಿತವಳು 'ನನ್ನನ್ನು ನಂಬಿ' ಎಂದು ಕೇಳುವುದಕ್ಕಿಂತ, ನಂಬದಿರಲು ಇನ್ನೊಬ್ಬರಿಗೆ ಒಂದು ಎಳೆಯಷ್ಟು ಜಾಗ ಬಿಟ್ಟುಕೊಡಬೇಕು. ಅದನ್ನು ನೋಡಿ ಮುನಿಸಿಕೊಳ್ಳಬಾರದು.

ಬಾಳೆನಾರು ಬಹಳ ದಿನ ಬಾಳುವುದಿಲ್ಲ. ಒಣಗಿ ತಾನಾಗಿಯೇ ತುಂಡಾಗುತ್ತದೆ. ಕಸ ಗುಡಿಸುವಾಗ ನನಗೆ ಮೊದಲು ಕಂಡರೆ ಕೂಗಿ ಹೇಳುತ್ತೇನೆ: "ಅತ್ತೆ, ನಾರು ಕಿತ್ತಿದೆ, ಬಂದು ನೋಡಿ." ಅವರು ಗೋಡೆ ಹಿಡಿದುಕೊಂಡು ಬರುತ್ತಾರೆ, ಟ್ರಂಕಿನ ಮುಂದೆ ಕೂರುತ್ತಾರೆ. ನಾನು ಹೂವಿನ ಬುಟ್ಟಿಯಿಂದ ಹೊಸ ನಾರನ್ನು ಸೀಳಿ, ನೀರಲ್ಲಿ ನೆನೆಸಿ ಕೊಡುತ್ತೇನೆ. ಅವರು ಗಂಟು ಹಾಕುತ್ತಾರೆ. ಹಾಕುವಾಗ ನಾನು ಇನ್ನೊಂದು ಕಡೆ ತಿರುಗಿ ನಿಂತಿರುತ್ತೇನೆ.