ಬಣ್ಣ ಸಲ್ಲದ ಸ್ಥಳ

ಹಳೆಯ ವಸ್ತುವಿಗೆ ಹೊಸ ಬಣ್ಣ ಬಳಿಯುವುದು ಶೌಚವೋ, ವಂಚನೆಯೋ? ಪ್ರಶ್ನೆ ಅಲ್ಪವೆಂದು ವಾಚಕರಿಗೆ ತೋರಬಹುದು. ಗೃಹಸ್ಥನು ಹಬ್ಬಕ್ಕೆ ಮುಂಚೆ ಗೋಡೆಗೆ ಸುಣ್ಣ ಬಳಿಸುತ್ತಾನೆ. ಒಕ್ಕಲಿಗನು ಬಂಡಿಯ ಗಾಲಿಗೆ ಬಣ್ಣ ಹಚ್ಚಿಸುತ್ತಾನೆ. ಇವರನ್ನು ವಂಚಕರೆಂದು ಯಾರೂ ಕರೆಯರು. ನನ್ನ ಹಳೆಯ ಕಾರನ್ನು ಮಾರುವ ಪ್ರಸಂಗ ಒದಗುವ ತನಕ ನಾನೂ ಇದನ್ನು ವಿಚಾರಿಸಿದವನಲ್ಲ.

ಆ ಕಾರಿನ ಗಾಲಿಗಳು ಉಕ್ಕಿನವಲ್ಲ. ಅಲ್ಯೂಮಿನಿಯಮ್ಮಿಗೆ ಸಿಲಿಕಾನ್ ಮೊದಲಾದವನ್ನು ಬೆರೆಸಿ ಎರಕ ಹೊಯ್ದ ಮಿಶ್ರಲೋಹದವು. ಅಲಾಯ್ ಗಾಲಿಗಳೆಂದು ಜನರು ಕರೆಯುವುದು ಇವನ್ನೇ. ಈ ಲೋಹಕ್ಕೆ ಕೆಂಪು ತುಕ್ಕು ಹಿಡಿಯದೆಂಬುದು ನಿಜ. ಅದು ಕೆಡುವುದೇ ಇಲ್ಲವೆಂಬುದು ನಿಜವಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ನಮ್ಮ ಸಿಂಧನೂರು ಸೀಮೆಯಲ್ಲಿ ಹಲವೆಡೆ ಭೂಮಿ ಸವಳಾಗಿದೆ. ಆ ಸವಳು ಕೆಸರು ಗಾಲಿಯ ಒಳಮೈಗೆ ಮೆತ್ತಿಕೊಂಡು ಕುಳಿತರೆ, ಕಲ್ಲು ಸಿಡಿದು ಬಣ್ಣ ಹಾರಿದ ಸಣ್ಣ ಎಡೆಯಿಂದ ಉಪ್ಪು ಒಳಸೇರುತ್ತದೆ. ಉಳಿದ ಬಣ್ಣದ ಅಡಿಯಲ್ಲಿಯೇ ಲೋಹವನ್ನು ಬಿಳಿಯ ಪುಡಿಯಾಗಿಸುತ್ತ ಸಾಗುತ್ತದೆ. ಗುಳ್ಳೆಯೇಳುವವರೆಗೆ ಹೊರಗಿನವರಿಗೆ ಇದು ತಿಳಿಯದು. ಆದುದರಿಂದ ಬಣ್ಣವು ಅಲಂಕಾರ ಮಾತ್ರವಲ್ಲ, ಕವಚವೂ ಹೌದು.

ಸಿಂಧನೂರಿನ ಬಣ್ಣಗಾರನೊಬ್ಬನಿಗೆ ಗಾಲಿಗಳನ್ನು ಒಪ್ಪಿಸಿ ಪಕ್ಕದಲ್ಲಿ ಕುಳಿತೆನು. ಬಣ್ಣ ಹಚ್ಚುವ ಕೆಲಸದಲ್ಲಿ ಬಹುಪಾಲು ಬಣ್ಣ ತೆಗೆಯುವ ಕೆಲಸವೇ ಎಂಬುದನ್ನು ಅಂದು ಕಂಡೆನು. ಟೈರು ಕಳಚಿ, ಬ್ರೇಕಿನ ಕರಿಧೂಳನ್ನು ತೊಳೆದು, ಜಿಡ್ಡು ನೀಗಿಸಿ, ಗಟ್ಟಿ ಲೋಹ ಕಾಣುವ ತನಕ ಪಾಲಿಶ್ ಕಾಗದದಿಂದ ಉಜ್ಜಬೇಕು. ಅನಂತರವೇ ಪ್ರೈಮರು, ಬೆಳ್ಳಿ ಬಣ್ಣ, ಅದರ ಮೇಲೆ ಕ್ಲಿಯರು. ಹೊಡೆಯುವ ಮುನ್ನ ಅವನು ನಟ್ಟುಗಳು ಕೂಡುವ ಕುಳಿಗಳಿಗೂ, ಗಾಲಿಯು ಹಬ್‌ಗೆ ಒತ್ತಿಕೊಳ್ಳುವ ಹಿಂಬದಿಗೂ ಪಟ್ಟಿ ಅಂಟಿಸಿದನು.

“ಇಷ್ಟನ್ನೇಕೆ ಬಿಟ್ಟೆಯಪ್ಪಾ?” ಎಂದೆನು.

“ಅಲ್ಲಿ ಹಚ್ಚಬಾರದ್ರೀ ಮಾಸ್ತರ. ಲೋಹಕ್ಕ ಲೋಹನ ತಾಗಬೇಕು. ನಡುವ ಬಣ್ಣ ಇದ್ರ ಅದು ಜಜ್ಜಿಹೋಗಿ ನಟ್ಟು ಸಡ್ಲಾಗತಾವ್ರಿ.”

ಜೋಡಿಸಿದ ಮೇಲೂ 80–100 ಕಿಲೋಮೀಟರು ಓಡಿದೊಡನೆ ನಟ್ಟುಗಳನ್ನು ಮತ್ತೆ ಬಿಗಿಸಬೇಕೆಂದು ಎಚ್ಚರಿಸಿದನು. ಗಾಳಿ, ನೀರು, ಕೆಸರುಗಳಿಗೆ ಒಡ್ಡಿದೆಡೆಯಲ್ಲಿ ಬಣ್ಣ ಬೇಕು. ಒಂದರ ಭಾರವನ್ನು ಇನ್ನೊಂದು ನಂಬಿ ಹೊರುವೆಡೆಯಲ್ಲಿ ಅದೇ ಬಣ್ಣ ಘಾತಕ. ಬಂಡಿಯವನೂ ಗಾಲಿಯ ಹೊರಮೈಗೆ ಬಣ್ಣ ಹಚ್ಚಿದರೂ ಅಚ್ಚಿಗೆ ಕೀಲೆಣ್ಣೆಯನ್ನಷ್ಟೇ ಸವರುತ್ತಾನೆ. ಮನುಷ್ಯರ ನಡುವೆಯೂ ಇಂತಹ ಸ್ಥಳಗಳುಂಟು: ಸಾಲದ ಮಾತು, ಸಾಕ್ಷಿಯ ಮಾತು, ಹೆಣ್ಣು ಗಂಡು ನೋಡುವ ಮಾತು, ಕ್ರಯವಿಕ್ರಯದ ಮಾತು. ಅಲ್ಲೆಲ್ಲ ಒಬ್ಬನು ತನ್ನ ಭಾರವನ್ನು ಇನ್ನೊಬ್ಬನ ನುಡಿಯ ಮೇಲೆ ಇಡುತ್ತಾನೆ.

ಇದನ್ನೆಲ್ಲ ನಾನು ಸಮಾಧಾನದಿಂದ ಚಿಂತಿಸುತ್ತಿರುವಾಗಲೇ ಮೂರನೆಯ ಗಾಲಿಯ ಒಳ ಅಂಚಿನಲ್ಲಿ ಕೂದಲೆಳೆಯಂತಹ ಸೀಳೊಂದು ಕಾಣಿಸಿತು. “ಮೆತ್ತಿ ಬಣ್ಣ ಹೊಡದ್ರ ಯಾರಿಗೂ ಕಾಣಂಗಿಲ್ರಿ. ಏನ್ ಮಾಡ್ಲಿ?” ಎಂದು ಅವನು ಕೇಳಿದನು.

ನಾನು ಉತ್ತರ ಕೊಡಲಿಲ್ಲ. ಮೌನವು ಶಿವಯೋಗಿಗಳ ಲಕ್ಷಣವೆಂದು ಮಕ್ಕಳಿಗೆ ಪಾಠ ಹೇಳುವವನು ನಾನು. ಅಂದಿನ ಮೌನ ಆ ಜಾತಿಯದಲ್ಲ. ಕಾರು ಹಳೆಯದೆಂದು ಕೊಳ್ಳುವವರಿಗೆ ತಿಳಿದೇ ಇದೆ, ನೋಡಿಕೊಳ್ಳುವ ಹೊಣೆ ಅವರದು, ನಾನು ಸುಳ್ಳನ್ನು ಆಡುವುದಿಲ್ಲವಷ್ಟೆ, ಎಂದು ಮನಸ್ಸು ತರ್ಕಶಾಸ್ತ್ರವನ್ನು ಬಿಚ್ಚಿತು. ನನ್ನ ಐವತ್ತು ವರ್ಷದ ವ್ಯಾಸಂಗವು ಆ ಗಳಿಗೆಯಲ್ಲಿ ಸೀಳನ್ನು ಮೆತ್ತುವುದಕ್ಕೇ ಒದಗಿತೆಂಬುದನ್ನು ಮರೆಮಾಚಲಾರೆ. ಬೆಸುಗೆ ಹಾಕಿಸಿದರೆ ಹೇಗೆಂದು ಕೇಳಿದೆನು. ಕಾಯಿಸಿ ಹದಗೊಳಿಸಿದ ಇಂತಹ ಲೋಹವು ಬೆಸುಗೆಯ ಉರಿಗೆ ಆಸುಪಾಸಿನಲ್ಲಿ ಬಲಗುಂದುವುದರಿಂದ ಅದನ್ನು ನಂಬಲಾಗದೆಂದನು. ಕೊಳ್ಳುವವರು ಲಿಂಗಸುಗೂರಿನ ಗೃಹಸ್ಥರು. ವೃದ್ಧ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಅವರಿಗೆ ಕಾರು ಬೇಕಾಗಿತ್ತು. ಆ ತಾಯಿಯ ನೆನಪಾದ ಮೇಲೆ ತರ್ಕ ನಿಂತಿತು. “ಮೆತ್ತಬೇಡಪ್ಪಾ” ಎಂದೆನು.

ಸೀಳಿದ ಗಾಲಿಯನ್ನು ಹಿಂದಿನ ಡಿಕ್ಕಿಯಲ್ಲಿಟ್ಟು, ಸ್ಟೆಪ್ನಿಯನ್ನು ತೊಡಿಸಿ ಲಿಂಗಸುಗೂರಿಗೆ ಹೊರಟವನು ದಾರಿಯಲ್ಲಿ ಮಸ್ಕಿಯಲ್ಲಿ ನಿಂತೆನು. ಅಲ್ಲಿಯ ಶಾಸನ ಬೆಳಕಿಗೆ ಬಂದುದು 1915ರಲ್ಲಿ. ಅಲ್ಲಿಯವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ಆ ಅರಸನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದಲೇ ಮಾತನಾಡಿದ್ದನು. ಆತನು ಅಶೋಕನೆಂಬುದು ವಿದ್ವಾಂಸರ ಊಹೆಯಾಗಿತ್ತು. ಮಸ್ಕಿಯ ಬಂಡೆ ಆ ಹೆಸರನ್ನೇ ನುಡಿಯಿತು. ಬಿರುದುಗಳು ಸುಳ್ಳಾಗಿರಲಿಲ್ಲ. ಆದರೂ ನೀನು ಯಾರೆಂಬ ಪ್ರಶ್ನೆಗೆ ಬಿರುದು ಉತ್ತರವಾಗದು. ಬಣ್ಣವೂ ಅಷ್ಟೆ; ಕೇಳುವವನು ಎದುರಿಗೆ ಬಂದು ನಿಲ್ಲುವ ತನಕ ಅದು ನಿರ್ದೋಷಿ.

ಲಿಂಗಸುಗೂರಿನವರು ಸೀಳಿನ ಮೇಲೆ ಬೆರಳಾಡಿಸಿ ನೋಡಿ, ಒಂದು ಗಾಲಿಯ ಬೆಲೆಯನ್ನು ಕಳೆದುಕೊಟ್ಟರು. ನನಗೆ ಸ್ವಲ್ಪ ಕಹಿಯಾಯಿತು. ಹಗ್ಗಕ್ಕೆ ಸಲ್ಲುವುದಕ್ಕಿಂತ ಹೆಚ್ಚಿನ ಹಣವನ್ನು ನುಲಿಯ ಚಂದಯ್ಯನವರು ಒಪ್ಪಲಿಲ್ಲವೆಂಬ ಕಥೆಯನ್ನು ಹೇಳುವುದು ಸುಲಭ. ಕೈಯಲ್ಲಿ ನೋಟು ಎಣಿಸುವಾಗ ಅದು ನೆನಪಾಗುವುದು ಕಷ್ಟ.

ಗಾಲಿ ನನ್ನಲ್ಲಿಯೇ ಉಳಿಯಿತು. ಗುಜರಿಯವನು ಅದನ್ನು ಇಡಿಯಾಗಿ ಕೊಟ್ಟರೆ ಹೆಚ್ಚು, ತುಂಡಾಗಿ ಕೊಟ್ಟರೆ ಕಡಿಮೆ ಎಂದನು. ಇಡಿಯಾದುದಕ್ಕೆ ಹೆಚ್ಚೇಕೆಂದು ಕೇಳಿದೆನು, ಅವನು ನಕ್ಕನು. ಅಲ್ಲಿಯೇ ನಿಂತು, ಕಟಿಂಗ್ ಯಂತ್ರದಿಂದ ಅದನ್ನು ಎರಡಾಗಿ ಕೊಯ್ಯಿಸಿ, ತುಂಡಿನ ಬೆಲೆಯನ್ನು ಪಡೆದು ಮನೆಗೆ ಬಂದೆನು.