ಉಣ್ಣುವವರು ಯಾರು?

ಕಾಯಿಲೆ ವಾಸಿಯಾಗಲೆಂದು ಹರಕೆ ಹೊತ್ತವರು ನಂಜನಗೂಡಿಗೆ ಇಂದಿಗೂ ಬರುತ್ತಾರೆ. ಕಪಿಲೆಯಲ್ಲಿ ಮಿಂದು, ಉರುಳುಸೇವೆ ಮಾಡಿ, ಶ್ರೀಕಂಠೇಶ್ವರನೆದುರು ಕೈಮುಗಿದು 'ನನ್ನನ್ನು ಕಾಪಾಡು' ಎನ್ನುತ್ತಾರೆ. ಈ 'ನಾನು' ಒಬ್ಬನೇ ಅಲ್ಲ. ಒಂದು ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಎನ್ನುತ್ತದೆ 2016ರ ಒಂದು ಅಂದಾಜು. ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ.

ಉಂಡದ್ದರ ಸಾರವನ್ನು ಸಣ್ಣ ಕರುಳು ಹೀರಿಕೊಂಡ ಮೇಲೆ, ನಮಗೆ ಅರಗದ ನಾರು ಈ ಬ್ಯಾಕ್ಟೀರಿಯಾಗಳ ಪಾಲಿಗೆ ಬೀಳುತ್ತದೆ. ಅದನ್ನು ಅವು ಹುದುಗಿಸುವಾಗ ಹುಟ್ಟುವ ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಆಹಾರ. ಸುತ್ತೂರು ಮಠದ ದಾಸೋಹದಲ್ಲಿ ಬಡಿಸಿದವರೇ ಆಮೇಲೆ ಪಂಕ್ತಿಯಲ್ಲಿ ಕೂತು ಉಣ್ಣುವಂತೆ, ಇಲ್ಲಿ ಯಾರು ಉಣಿಸುವವರು, ಯಾರು ಉಣ್ಣುವವರು ಎಂದು ಗೆರೆ ಎಳೆಯುವುದು ಕಷ್ಟ. ನಾರು ಸಿಗದಿದ್ದರೆ? ಪ್ರಯೋಗಾಲಯದ ಇಲಿಗಳಲ್ಲಿ ಬ್ಯಾಕ್ಟೀರಿಯಾಗಳು ಕರುಳಿನ ಲೋಳೆಪದರವನ್ನೇ ತಿನ್ನತೊಡಗಿದ್ದುಂಟು.

ಈ ಸೀಮೆಯ ತಟ್ಟೆಯಲ್ಲಿ ನಾರು ಕಡಿಮೆಯಾದದ್ದಕ್ಕೂ ಕಪಿಲೆಗೂ ನಂಟಿದೆ. ಕಬಿನಿ ಎಂದೂ ಕರೆಯುವ ಆ ಹೊಳೆಯ ಅಣೆಕಟ್ಟು ಮುಗಿದದ್ದು 1974ರಲ್ಲಿ. ನಂಜನಗೂಡು, ತಿ. ನರಸೀಪುರದ ಕಡೆ ನಾಲೆ ನೀರು ತಲುಪಿದ ಎಷ್ಟೋ ಕಡೆ ರಾಗಿ, ಹುರುಳಿಯ ಹೊಲಗಳು ಗದ್ದೆಯಾದವು. ತಟ್ಟೆಗೆ ಮಿಲ್ಲಿನ ಬಿಳಿ ಅಕ್ಕಿ ಬಂತು, ತವುಡು ಕೊಟ್ಟಿಗೆಗೆ ಹೋಯಿತು. ಇದಕ್ಕಾಗಿ ಹಳಹಳಿಸಲಾರೆ. ಹಬ್ಬಕ್ಕಷ್ಟೇ ಅನ್ನ ಕಾಣುತ್ತಿದ್ದ ಮನೆಗೆ ದಿನವೂ ಅನ್ನವೆಂದರೆ ಅದು ಮಾನದ ಮಾತು. ಬಡವರ ಮುದ್ದೆಯನ್ನು ಈಗ ಹೊಗಳುತ್ತಿರುವವರು ಹೆಚ್ಚಾಗಿ ಹೊಟ್ಟೆ ತುಂಬಿದವರೇ. ಆದರೂ ನಾಲೆ ತೋಡಿದವರಾರೂ ಅದು ಕರುಳಿನವರೆಗೆ ಹರಿದೀತೆಂದು ಎಣಿಸಿರಲಾರರು.

ಅನ್ನ ಬಂದರೂ ಕರುಳಿನ ಬ್ಯಾಕ್ಟೀರಿಯಾಗಳಿಗೆ ಉಣಿಸುವ ಒಂದು ದಾರಿಯನ್ನು ಅಡುಗೆಮನೆ ಉಳಿಸಿಕೊಂಡಿತ್ತು. ರಾತ್ರಿ ಮಿಕ್ಕ ಅನ್ನಕ್ಕೆ ನೀರು ಹುಯ್ದು ಮುಚ್ಚಿಡುವುದು. ಬೆಳಿಗ್ಗೆ ಕೈಯಲ್ಲೇ ಹಿಸುಕಿ, ಮಜ್ಜಿಗೆ, ಉಪ್ಪು ಬೆರೆಸಿ, ಈರುಳ್ಳಿ ಕಚ್ಚಿಕೊಂಡು ಉಣ್ಣುವುದು. ತಣ್ಣಗಾದ ಅನ್ನದಲ್ಲಿ ಪಿಷ್ಟದ ಒಂದಂಶ ಮತ್ತೆ ಬಿಗಿದುಕೊಂಡು, ಸಣ್ಣ ಕರುಳಿಗೆ ದಕ್ಕದೆ ದೊಡ್ಡ ಕರುಳು ಸೇರುತ್ತದೆ. ನೀರು ಹುಯ್ದವಳ ಮನಸ್ಸಿನಲ್ಲಿ ಇದ್ದದ್ದು ಅನ್ನ ಕೆಡಬಾರದೆಂಬುದಷ್ಟೇ. ಗೊತ್ತಿಲ್ಲದೆ ಹಾಕಿದ ಅನ್ನಕ್ಕೆ ಪುಣ್ಯವುಂಟೇ? ಉಂಟೆಂದೇ ನನ್ನ ಎಣಿಕೆ.

ಊಟ ತೀರ ಬದಲಾದರೆ ಒಂದೆರಡು ದಿನದಲ್ಲೇ ಕರುಳಿನ ಬ್ಯಾಕ್ಟೀರಿಯಾಗಳ ಬಲಾಬಲ ಬದಲಾಗುತ್ತದೆ. ಆದರೆ ಹಲವು ತಲೆಮಾರು ನಾರು ಕಡಿಮೆ ತಿಂದ ಇಲಿಗಳಲ್ಲಿ, ಮತ್ತೆ ನಾರು ಕೊಟ್ಟರೂ ಕೆಲವು ಜಾತಿಯ ಬ್ಯಾಕ್ಟೀರಿಯಾ ಹಿಂದಿರುಗಲಿಲ್ಲ. ನಾಲೆ ಬಂದು ನಮಗೆ ಎರಡು ತಲೆಮಾರಾಯಿತು. ಈ ಸೀಮೆಯಲ್ಲಿ ಮುದ್ದೆ, ಸೊಪ್ಪಿನ ಸಾರು ಇನ್ನೂ ಒಲೆಯಿಂದ ಪೂರ್ತಿ ಇಳಿದಿಲ್ಲ.